ಹುಲ್ಲುಗಾವಲು ಬೋಳು ಜಾಗ ಅಲ್ಲ ಸ್ವಾಮಿ

ಪ್ರಶ್ನೆ: ಅಮೆರಿಕದ ಬೈಸನ್ ಅಂದರೆ ನಮ್ಮ ಕಾಟಿ ತಾನೇ?

ಅಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಮಗಳ ಮನೆಗೆ ಹೋದಾಗ ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಗುಡ್ಡಗಳನ್ನು ನೋಡಿದೆವು. ಮೈಲಿಗಟ್ಟಲೆ ಬರೀ ಹುಲ್ಲು. ಸಾಲದ್ದಕ್ಕೆ ಏಪ್ರಿಲ್‌ನಲ್ಲಿ ಅದಕ್ಕೂ ಬೆಂಕಿ ಇಡುತ್ತಾರೆ. ಅಲ್ಲಿ ಗಿಡ ನೆಡಬಾರದೇ?

ನೆಡಬಾರದು. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ನನಗೆ ಲೆಕ್ಕ ತಪ್ಪಿದೆ. ಬರೀ ಹುಲ್ಲು ಅಂದಿರಲ್ಲ, ಅಲ್ಲಿನ ಬಿಗ್ ಬ್ಲೂಸ್ಟೆಮ್ ಹುಲ್ಲು ಆಳೆತ್ತರ ಬೆಳೆಯುತ್ತದೆ, ಬೇರು 2 ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ. ಅಂಥ ಬೇರುಗಳು ಕೊಳೆತು ಕೊಳೆತು ಆದ ಕಪ್ಪು ಮಣ್ಣಿಗೆ ಆಸೆಪಟ್ಟೇ ಜನ ಪ್ರೇರಿಯನ್ನು, ಅಂದರೆ ಅಲ್ಲಿನ ಹುಲ್ಲುಗಾವಲನ್ನು, ಉತ್ತರು. 1837ರಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲಂತೂ ಕೇಳಲೇಬೇಡಿ. ಸುಮಾರು 17 ಕೋಟಿ ಎಕರೆ ಇದ್ದ ಎತ್ತರ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರುವುದು ನೂರಕ್ಕೆ 4 ಪಾಲಿಗಿಂತ ಕಮ್ಮಿ. ಫ್ಲಿಂಟ್ ಹಿಲ್ಸ್ ಬಚಾವಾಗಿದ್ದು ಯಾರ ಪುಣ್ಯದಿಂದಲೂ ಅಲ್ಲ. ಮೇಲೆ ತೆಳು ಮಣ್ಣು, ಕೆಳಗೆ ಸುಣ್ಣದ ಕಲ್ಲು, ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಅಷ್ಟೇ.

ಇನ್ನು ಬೆಂಕಿ. ಅಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಮರಕ್ಕೆ ಧಾರಾಳ ಸಾಕು. ಮರ ತಲೆ ಎತ್ತದಂತೆ ನೋಡಿಕೊಂಡಿರುವುದೇ ಬೆಂಕಿ ಮತ್ತು ಮೇಯುವ ಪ್ರಾಣಿಗಳು. ಹುಲ್ಲಿನ ಮೊಗ್ಗು ನೆಲದೊಳಗಿರುವುದರಿಂದ ಸುಟ್ಟರೂ ಚಿಗುರುತ್ತದೆ, ಆದರೆ ಈಸ್ಟರ್ನ್ ರೆಡ್‌ಸೀಡರ್ ಅನ್ನೋ ಮರ ಚಿಕ್ಕದಿದ್ದಾಗ ಸುಟ್ಟರೆ ಸತ್ತೇ ಹೋಗುತ್ತದೆ. ಬೆಂಕಿ ನಿಲ್ಲಿಸಿ ನೋಡಿ: ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಉದುರಿಸುತ್ತವೆ, ಮೂವತ್ತು ನಲವತ್ತು ವರ್ಷದಲ್ಲಿ ಬಯಲೆಲ್ಲ ಸೀಡರ್ ತೋಪು, ಅದರ ನೆರಳಲ್ಲಿ ಹುಲ್ಲೂ ಇಲ್ಲ ಹೂವೂ ಇಲ್ಲ. ಪ್ರೇರಿ ಚಿಕನ್ ಹಕ್ಕಿಯಂತೂ ಮರ ಕಂಡರೆ ಆ ಕಡೆ ಸುಳಿಯುವುದಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಕಾನ್ಸಾ, ಓಸೇಜ್ ಜನ ಸುಮ್ನೆ ಬೆಂಕಿ ಇಡುತ್ತಿರಲಿಲ್ಲ. ಹಾಗಂತ ಗುಡ್ಡಕ್ಕೆ ಗುಡ್ಡವೇ ಪ್ರತಿ ವಸಂತದಲ್ಲಿ ಸುಡುವುದನ್ನು ನಾನು ಒಪ್ಪುವುದಿಲ್ಲ. ಆ ಹಕ್ಕಿ ಗೂಡು ಮಾಡಲು ಹಳೇ ಹುಲ್ಲು ಬೇಕು. ತುಂಡು ತುಂಡಾಗಿ, ಸರದಿ ಮೇಲೆ ಸುಡಬೇಕು.

ಗಿಡ ನೆಡೋ ಹುಚ್ಚು ಹೊಸದೇನಲ್ಲ. 1873ರಲ್ಲೇ ಅಮೆರಿಕ ಸರ್ಕಾರ, 40 ಎಕರೆಯಲ್ಲಿ ಮರ ಬೆಳೆಸಿದರೆ 160 ಎಕರೆ ನಿಮ್ಮದು ಅಂತ ಕಾನೂನು ಮಾಡಿತ್ತು. ನಾವೇನು ಕಮ್ಮಿ? ರಾಣೆಬೆನ್ನೂರಿನ ಕೃಷ್ಣಮೃಗದ ಬಯಲಿಗೆ ನೀಲಗಿರಿ ನೆಟ್ಟವರು.

ಪ್ರಶ್ನೆ: ಪ್ರೇರಿ ಹೂಬೀಜದ ಪೊಟ್ಟಣ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಸೆದರೆ ಹುಲ್ಲುಗಾವಲು ಆಗುತ್ತದಂತೆ, ನಿಜವೇ?

ಅಂತೆ ಕಂತೆ. ಕಾನ್ಸಾಸ್‌ನಲ್ಲಿ ಮಗಳ ಅಂಗಳಕ್ಕೆ ಹಾಕಿದರೆ ನಾಲ್ಕು ಹೂ ಬಿಟ್ಟೀತು, ಅದನ್ನು ಪ್ರೇರಿ ಅನ್ನಬೇಡಿ. ಬೆಂಗಳೂರಿಗೆ ತರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅಮೆರಿಕದ ಕಡೆಯಿಂದ ಪಾರ್ಥೇನಿಯಂ ಬಂದಿದ್ದೇ ಸಾಕಾಗಿದೆ.