ಇಂಟರ್‌ಫೇಸ್ ಒಂದೇ ಸಾಕಲ್ವಾ, ಕನ್‌ಸ್ಟ್ರೇಂಟ್ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು ತಾನೇ: ಸಿ ಶಾರ್ಪ್ (C#) ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎರಡು ಮೌಲ್ಯಗಳಲ್ಲಿ ದೊಡ್ಡದನ್ನು ಹುಡುಕಿ ಕೊಡುವ ಮೆಥಡ್ ಬೇಕು. ಪ್ಯಾರಾಮೀಟರ್ ಟೈಪ್ ನೇರವಾಗಿ ಐಕಂಪೇರಬಲ್ (IComparable) ಅಂತ ಬರೆದರೂ ನಡೆಯುತ್ತದೆ; ಅದೊಂದು ಇಂಟರ್‌ಫೇಸ್, ಅಂದರೆ 'ನನ್ನನ್ನು ಹೋಲಿಸಬಹುದು' ಅಂತ ಒಂದು ಟೈಪ್ ಒಪ್ಪಿಕೊಳ್ಳುವ ಕರಾರು. ಮತ್ತೆ ಜೆನೆರಿಕ್ ಮಾಡಿ (ಅಂದರೆ ಟೈಪ್ ಜಾಗ ಖಾಲಿ ಬಿಟ್ಟು, ಕರೆಯುವಾಗ ತುಂಬುವಂತೆ ಮಾಡಿ), ಆ ಟೈಪ್ ಹೇಗಿರಬೇಕು ಅಂತ 'ವೇರ್' (where) ಬರೆದು ಕನ್‌ಸ್ಟ್ರೇಂಟ್, ಅಂದರೆ ಷರತ್ತು, ಹಾಕುವುದು ಯಾಕೆ?

ನಡೆಯುತ್ತದೆ, ನಿಜ. ಆದರೆ ವಾಪಸ್ ಏನು ಬರುತ್ತದೆ ನೋಡಿ. ನೀವು ಕೊಟ್ಟಿದ್ದು ಎರಡು ಡೇಟ್‌ಟೈಮ್, ಕೈಗೆ ಸಿಕ್ಕಿದ್ದು ಬರೀ ಐಕಂಪೇರಬಲ್. ಅದರ ವರ್ಷ ಬೇಕೆಂದರೆ ಕಾಸ್ಟ್ ಮಾಡಬೇಕು, ಅಂದರೆ 'ಇದು ಡೇಟ್‌ಟೈಮೇ' ಅಂತ ನೀವೇ ಬರೆದು ಹೇಳಬೇಕು. ಇನ್ನೂ ಕೆಟ್ಟದ್ದೇನೆಂದರೆ, ಒಂದು ಡೇಟ್‌ಟೈಮ್, ಒಂದು ಸ್ಟ್ರಿಂಗ್ ಕೊಟ್ಟರೂ ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ. ಪ್ರೋಗ್ರಾಂ ಓಡುವಾಗ ಎಕ್ಸೆಪ್ಷನ್ (ದೋಷ) ಬಂದು ಬೀಳುತ್ತದೆ.

ಆ ಖಾಲಿ ಜಾಗದ ಟೈಪ್‌ಗೆ 'ಟಿ' ಅಂತ ಹೆಸರಿಟ್ಟು, 'ಟಿ ಅನ್ನುವುದು ಐಕಂಪೇರಬಲ್ ಆಫ್ ಟಿ (IComparable<T>, ತನ್ನದೇ ಟೈಪ್‌ನ ಜೊತೆ ಹೋಲಿಸಬಲ್ಲದ್ದು) ಆಗಿರಬೇಕು' ಅಂತ ಕನ್‌ಸ್ಟ್ರೇಂಟ್ ಹಾಕಿದರೆ ಈ ಎರಡೂ ಕಾಟ ಇಲ್ಲ. ಎರಡು ಪ್ಯಾರಾಮೀಟರೂ ಒಂದೇ ಟೈಪ್, ವಾಪಸ್ ಬರುವುದೂ ಅದೇ ಟೈಪ್. ತಪ್ಪು ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ವಿಷಯ. ಇಂಟ್, ಡೇಟ್‌ಟೈಮ್ ಇವೆಲ್ಲ ಸ್ಟ್ರಕ್ಟ್‌ಗಳು, ಅಂದರೆ ಮೌಲ್ಯವನ್ನೇ ನೇರವಾಗಿ ಹಿಡಿದಿಡುವ ಟೈಪ್‌ಗಳು. ಇಂಟರ್‌ಫೇಸ್ ಟೈಪ್‌ನಲ್ಲಿ ಕಳಿಸಿದರೆ ಬಾಕ್ಸಿಂಗ್ ಆಗುತ್ತದೆ, ಅಂದರೆ ಹೀಪ್ ಎಂಬ ಮೆಮೊರಿ ಭಾಗದಲ್ಲಿ ಸುಮ್ನೆ ಒಂದು ಪ್ರತಿ. ಲಕ್ಷ ಸಲ ಸುತ್ತುವ ಲೂಪ್‌ನಲ್ಲಿ ಇದು ಜಾಸ್ತಿನೇ ಆಯಿತು. ಕನ್‌ಸ್ಟ್ರೇಂಟ್ ಇದ್ದರೆ ಆ ಖರ್ಚು ಉಳಿಯುತ್ತದೆ.

ಆದರೆ ಕನ್‌ಸ್ಟ್ರೇಂಟ್ ಹಾಕಿದ ಮೇಲೂ 'ಹೆಚ್ಚು' ಚಿಹ್ನೆ (>) ಬಳಸಲು ಹೋಗಬೇಡಿ, ಕಂಪೈಲ್ ಆಗಲ್ಲ. ಐಕಂಪೇರಬಲ್ ಕೊಡುವ ಕಂಪೇರ್‌ಟು (CompareTo) ಮೆಥಡ್ ಕರೆದು, ಉತ್ತರ ಸೊನ್ನೆಗಿಂತ ಜಾಸ್ತಿ ಇದೆಯಾ ನೋಡಿ. ಆ ಚಿಹ್ನೆಯೇ ಬೇಕು ಅಂದರೆ 2022ರ ಡಾಟ್‌ನೆಟ್ 7ರಲ್ಲಿ (ಸಿ ಶಾರ್ಪ್ ಓಡುವ ವೇದಿಕೆಯ ಆವೃತ್ತಿ) ಬಂದ ಐನಂಬರ್ (INumber) ಇಂಟರ್‌ಫೇಸ್ ಇದೆ, ಆದರೆ ಅದು ಸಂಖ್ಯೆಗಳಿಗೆ ಮಾತ್ರ.

ಹಾಗಂತ ಎಲ್ಲ ಕಡೆ ಜೆನೆರಿಕ್ ತುರುಕಬೇಡಿ. ಒಂದು ಲಾಗರ್ (ಪ್ರೋಗ್ರಾಂನಲ್ಲಿ ನಡೆದದ್ದನ್ನು ದಾಖಲಿಸುವ ವಸ್ತು) ತಗೊಂಡು ಅದರ ಮೆಥಡ್ ಕರೆಯುವುದಷ್ಟೇ ಕೆಲಸವಾದರೆ ಇಂಟರ್‌ಫೇಸ್ ಪ್ಯಾರಾಮೀಟರೇ ಸಾಕು.