ಓದುಗರ ಪ್ರಶ್ನೆ: ಚುಕ್ಕಿಯ ಬಣ್ಣದಲ್ಲಿ ಉಪಗ್ರಹದ ಗುರುತು

ಸಂಜೆ ಹೊತ್ತು ನಮ್ಮೂರಿನ ಮೇಲೆ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಅಂಗಳಕ್ಕೆ ಇಳಿದು ನೋಡಿದವರು ಪತ್ರ ಬರೆದಿದ್ದಾರೆ, ತುಂಬಾ ಖುಷಿಯಾಯಿತು. ಬಣ್ಣದ ಬಗ್ಗೆಯೇ ಜಾಸ್ತಿ ಪ್ರಶ್ನೆ ಇದ್ದ ಕಾರಣ ಈ ಸಲ ಅದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಾಸ್ಟ್ರೇ, ನಿಲ್ದಾಣ ನನಗೆ ಸ್ವಲ್ಪ ಹಳದಿಯಾಗಿ ಕಂಡಿತು. ಇನ್ನೊಂದು ದಿನ ಹೋದ ಉಪಗ್ರಹ ಬೆಳ್ಳಗಿತ್ತು. ಬಣ್ಣ ನೋಡಿ ಯಾವ ಉಪಗ್ರಹ ಎಂದು ಹೇಳಬಹುದಾ? ದೊಡ್ಡ ದೂರದರ್ಶಕ ಇಟ್ಟು ಆಕಾರವನ್ನೇ ನೋಡಿದರೆ ಆಯಿತಲ್ಲ? — ಪ್ಲಸ್ ಟು ವಿದ್ಯಾರ್ಥಿನಿ, ಪೆರ್ಲ

ಉತ್ತರ: ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಉಂಟು, ಫುಟ್‌ಬಾಲ್ ಮೈದಾನದಷ್ಟು ದೊಡ್ಡದು. ಒಳ್ಳೆಯ ದೂರದರ್ಶಕದಲ್ಲಿ ಅದರ ರೆಕ್ಕೆಗಳೂ ಕಾಣ್ತವೆ. ಆದರೆ ಎಲ್ಲ ಉಪಗ್ರಹಗಳೂ ಹಾಗಲ್ಲ. ಮಳೆಗಾಲದಲ್ಲಿ ಟಿ.ವಿ.ಯಲ್ಲಿ ಮೋಡದ ಚಿತ್ರ ತೋರಿಸ್ತಾರಲ್ಲ, ಅಂಥ ಚಿತ್ರ ತೆಗೆಯುವ ನಮ್ಮ ಇನ್ಸಾಟ್-3ಡಿಆರ್ ಅನ್ನು 2016ರಲ್ಲಿ ಹಾರಿಸಿದರು. ಅದಕ್ಕೆ ಕೊಟ್ಟ ಜಾಗ 74 ಡಿಗ್ರಿ ಪೂರ್ವ ರೇಖಾಂಶ. ಕಾಸರಗೋಡು ಇರುವುದು 75ರಲ್ಲಿ. ಅಂದರೆ ಅದು ನಮ್ಮ ನೆತ್ತಿಯಿಂದ ಸುಮಾರು 15 ಡಿಗ್ರಿ ದಕ್ಷಿಣಕ್ಕೆ, ಹಗಲೂ ರಾತ್ರಿ ಅಲ್ಲೇ ನಿಂತಿರುತ್ತದೆ. ಆದರೆ ದೂರ ಸುಮಾರು 36,000 ಕಿ.ಮೀ. ಐದು ಮೀಟರ್ ಅಗಲದ ವಸ್ತುವನ್ನು ಅಷ್ಟು ದೂರದಿಂದ ನೋಡುವುದೆಂದರೆ ಕಲ್ಲಿಕೋಟೆಯಲ್ಲಿ ಇಟ್ಟ ಒಂದು ರೂಪಾಯಿ ನಾಣ್ಯವನ್ನು ಕಾಸರಗೋಡಿನಲ್ಲಿ ನಿಂತು ನೋಡಿದ ಹಾಗೆ. ಅದೂ ಸಾಲದೆಂದು ಮಧ್ಯದ ಗಾಳಿ ಬೇರೆ ಚಿತ್ರವನ್ನು ಕಲಕಿಬಿಡುತ್ತದೆ. ಹಾಗಾಗಿ ನಮಗೆ ಸಿಗುವುದು ಒಂದು ಚುಕ್ಕಿ ಮಾತ್ರ, ಆ ಚುಕ್ಕಿಯಿಂದಲೇ ಎಲ್ಲವನ್ನೂ ತಿಳಿಯಬೇಕು.

ಚುಕ್ಕಿಗೆ ಸ್ವಂತ ಬೆಳಕಿಲ್ಲ. ನಾವು ಕಾಣುವುದು ಅದಕ್ಕೆ ಬಡಿದು ಬಂದ ಬಿಸಿಲು. ಹೋದ ಬಿಸಿಲಿನಲ್ಲಿ ಇದ್ದದ್ದು, ವಾಪಸ್ ಬಂದದ್ದರಲ್ಲಿ ಇಲ್ಲದ್ದು, ಇವೆರಡರ ವ್ಯತ್ಯಾಸವೇ ಗುರುತು. ಉಪಗ್ರಹಕ್ಕೆ ಚಿನ್ನದ ಕಾಗದ ಸುತ್ತಿದ ಹಾಗೆ ಒಂದು ಹೊದಿಕೆ ಇರುತ್ತದೆ, ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಗೆ ಅಲ್ಯುಮಿನಿಯಂ ಲೇಪಿಸಿದ್ದು. ಅದು ನೀಲಿಯನ್ನು ನುಂಗಿ ಕೆಂಪನ್ನು ವಾಪಸ್ ಕಳಿಸುತ್ತದೆ. ಸಿಲಿಕಾನ್ ಸೌರಫಲಕ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ, ಸ್ವಲ್ಪ ನೀಲಿ ಬಿಡುತ್ತದೆ. ಆದರೆ ಕೆಂಪಿನ ಆಚೆ, ಕಣ್ಣಿಗೆ ಕಾಣದ ಬೆಳಕಿನಲ್ಲಿ 1.1 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತರಂಗಾಂತರ ದಾಟಿದ ಮೇಲೆ ಸಿಲಿಕಾನ್‌ಗೆ ಬೆಳಕು ನುಂಗಲು ಆಗುವುದೇ ಇಲ್ಲ, ಅಲ್ಲಿ ಪ್ರತಿಫಲನ ಏಕದಂ ಏರುತ್ತದೆ. ರಾಕೆಟ್‌ಗೆ ಬಳಿಯುವ ಬಿಳಿ ಪೇಂಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ನೇರಳೆಯ ಆಚೆಗಿನ ಬೆಳಕು ಮಾಯವಾಗುತ್ತದೆ. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ವರ್ಣಪಟಲ ಮಾಡಿದರೆ ಇದೆಲ್ಲ ಕಾಣುತ್ತದೆ. ಆಮೇಲೆ ಅದೇ ರಾತ್ರಿ ಸೂರ್ಯನಂಥ ಒಂದು ನಕ್ಷತ್ರದ ವರ್ಣಪಟಲ ತೆಗೆದು ಅದರಿಂದ ಭಾಗಿಸಬೇಕು. ಆಗ ಬಿಸಿಲಿನ ಪಾಲು ಕಳೆದು ವಸ್ತುವಿನ ಪಾಲು ಮಾತ್ರ ಉಳಿಯುತ್ತದೆ.

ನಿಲ್ದಾಣ ನಿನಗೆ ಹಳದಿ ಕಂಡದ್ದು ಸರಿಯೇ ಇರಬಹುದು, ಅದರ ದೊಡ್ಡ ರೆಕ್ಕೆಗಳ ಹಿಂಬದಿ ಚಿನ್ನದ ಬಣ್ಣ. ಆದರೆ ಬರೀ ಕಣ್ಣನ್ನು ನಂಬಿ ಹೆಸರು ಹೇಳಬೇಡ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ಒಂದು ಸಲ ಗುರುತು ಹಿಡಿದರೆ ಕೆಲಸ ಮುಗಿಯಿತು ಎಂದಲ್ಲ. 36,000 ಕಿ.ಮೀ. ಎತ್ತರದಲ್ಲಿ ಒಂದೇ ಜಾಗದ ಹತ್ತಿರ ಎರಡು ಮೂರು ಉಪಗ್ರಹ ಒಟ್ಟಿಗೆ ನಿಲ್ಲಿಸುವುದುಂಟು, ಯಾವುದು ಯಾವುದೆಂದು ಅದಲುಬದಲಾಗಲು ಜಾಸ್ತಿ ಹೊತ್ತು ಬೇಡ. ನೀಲಿ ಫಿಲ್ಟರಿನಲ್ಲಿ ಒಮ್ಮೆ, ಕೆಂಪು ಫಿಲ್ಟರಿನಲ್ಲಿ ಒಮ್ಮೆ ಬೆಳಕು ಅಳೆದು ರಾತ್ರಿಯಿಡೀ ಬರೆದಿಟ್ಟರೆ ಪ್ರತಿಯೊಂದಕ್ಕೂ ಅದರದ್ದೇ ಏರಿಳಿತ ಸಿಗುತ್ತದೆ. ಬಿಸಿಲು ಬೀಳುವ ಕೋನ ಬದಲಾದ ಹಾಗೆ ಒಮ್ಮೆ ಫಲಕ ಹೊಳೆಯುತ್ತದೆ, ಒಮ್ಮೆ ಹೊದಿಕೆ. ಇವತ್ತಿನ ಏರಿಳಿತ ಮೊನ್ನೆಯದ್ದಕ್ಕೆ ಹೊಂದದಿದ್ದರೆ ಅಲ್ಲಿ ಏನೋ ಬದಲಾಗಿದೆ: ಉಪಗ್ರಹ ಮಗುಚಿರಬಹುದು, ಫಲಕ ತಿರುಗದೆ ನಿಂತಿರಬಹುದು.

ಪ್ರಶ್ನೆ: ಆ ದಿನ ನಿಲ್ದಾಣ ಪೂರ್ವದ ಕಡೆ ಹೋಗ್ತಾ ಕೆಂಪಾಗಿ, ಆಕಾಶದ ಮಧ್ಯದಲ್ಲೇ ನಂದಿಹೋಯಿತು. ನಮ್ಮ ಮನೆಯಲ್ಲಿ ಮಕ್ಕಳು ಬಿದ್ದುಹೋಯಿತು ಎಂದು ಹೆದರಿದರು. — ಗೃಹಿಣಿ, ಕುಂಬಳೆ

ಉತ್ತರ: ಬೀಳಲಿಲ್ಲ ಅಕ್ಕ, ಭೂಮಿಯ ನೆರಳಿನೊಳಗೆ ಹೋಯಿತು. ನಂದುವ ಮೊದಲಿನ ಕೆಲವು ಸೆಕೆಂಡು ಅದಕ್ಕೆ ಬೀಳುವ ಬಿಸಿಲು ಭೂಮಿಯ ಗಾಳಿಯನ್ನು ಸವರಿಕೊಂಡು ಬರುತ್ತದೆ, ಹಾಗಾಗಿ ಕೆಂಪು. ಬೇಕಲದ ಕಡಲ ಕರೆಯಲ್ಲಿ ಮುಳುಗುವ ಸೂರ್ಯ ಕೆಂಪಾಗುವುದೂ ಇದೇ ಕಾರಣಕ್ಕೆ. ಮಕ್ಕಳಿಗೆ ಹೇಳಿ, ಅದು 90 ನಿಮಿಷಕ್ಕೊಮ್ಮೆ ಭೂಮಿಗೆ ಸುತ್ತು ಹಾಕ್ತಾ ಇರುತ್ತದೆ.

ಪ್ರಶ್ನೆ: ಅಡಿಕೆಯನ್ನು ಬಣ್ಣ ನೋಡಿಯೇ ವಿಂಗಡಿಸುವವರು ನಾವು. ಆದರೆ ಹೊಸ ಅಡಿಕೆಯ ಬಣ್ಣ ಬೇರೆ, ವರ್ಷ ಕಳೆದ ಹಳೆ ಅಡಿಕೆಯದ್ದು ಬೇರೆ. ಉಪಗ್ರಹಕ್ಕೂ ಹಾಗೆ ಆಗುವುದಿಲ್ಲವೇ? ಆಗ ಲೆಕ್ಕ ತಪ್ಪುವುದಿಲ್ಲವೇ? — ಕೃಷಿಕರು, ಬದಿಯಡ್ಕ

ಉತ್ತರ: ಬಂದ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ನಿಮ್ಮದು. ಹೌದು, ಆಗುತ್ತದೆ. ಬಾಹ್ಯಾಕಾಶದಲ್ಲಿ ವರ್ಷಗಟ್ಟಲೆ ಬಿಸಿಲು ತಿಂದ ವಸ್ತುಗಳು ಪ್ರಯೋಗಾಲಯದ ತುಂಡಿಗಿಂತ ಸಾಮಾನ್ಯವಾಗಿ ಕೆಂಪಗೆ ಕಾಣ್ತವೆ. ಲೆಕ್ಕ ತಪ್ಪುವುದೂ ಉಂಟು, ಅದನ್ನು ಸರಿಮಾಡಿದ ಒಂದು ಕಥೆ ಹೇಳ್ತೇನೆ.

2020ರ ಸೆಪ್ಟೆಂಬರಿನಲ್ಲಿ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಕ್ಕೆ ಒಂದು ಚುಕ್ಕಿ ಸಿಕ್ಕಿತು. ಕ್ಷುದ್ರಗ್ರಹ ಎಂದುಕೊಂಡು 2020 ಎಸ್‌ಒ ಎಂದು ಹೆಸರಿಟ್ಟರು. ಆದರೆ ಬಿಸಿಲಿನ ಒತ್ತಡಕ್ಕೆ ಅದರ ದಾರಿ ಬದಲಾಗ್ತಾ ಇತ್ತು, ಕಲ್ಲಿನಷ್ಟು ಭಾರ ಇದ್ದರೆ ಹಾಗೆ ಆಗುವುದಿಲ್ಲ. ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಅದು 1966ರ ಸೆಪ್ಟೆಂಬರಿಗೆ ಬಂದು ನಿಂತಿತು. ಆ ತಿಂಗಳ 20ಕ್ಕೆ ನಾಸಾ ಚಂದ್ರನ ಕಡೆಗೆ ಸರ್ವೇಯರ್-2 ನೌಕೆಯನ್ನು ಹಾರಿಸಿತ್ತು. ಹಾಗಾದರೆ ಇದು ಅದನ್ನು ಹೊತ್ತೊಯ್ದ ಸೆಂಟಾರ್ ರಾಕೆಟ್ಟಿನ ಖಾಲಿ ಕೊಳವೆಯಾ? ಸೆಂಟಾರ್ ಸ್ಟೇನ್‌ಲೆಸ್ ಸ್ಟೀಲಿನದ್ದು. ಅರಿಜೋನಾ ವಿಶ್ವವಿದ್ಯಾಲಯದ ವಿಷ್ಣು ರೆಡ್ಡಿ ಮತ್ತು ಅವರ ತಂಡ ಚುಕ್ಕಿಯ ವರ್ಣಪಟಲ ತೆಗೆದು ಅದೇ ಜಾತಿಯ ಸ್ಟೀಲಿನ ಜೊತೆ ಇಟ್ಟು ನೋಡಿದರು. ಸರಿಯಾಗಿ ಹೊಂದಲಿಲ್ಲ! ಯಾಕೆಂದರೆ ಪ್ರಯೋಗಾಲಯದ್ದು ಹೊಸ ಸ್ಟೀಲು, ಮೇಲಿನದ್ದು 54 ವರ್ಷ ಹಳೆಯದು. ನೀವು ಹೇಳಿದ ಅಡಿಕೆಯ ಸಮಸ್ಯೆಯೇ ಅಲ್ವಾ? ಹಳೆ ಅಡಿಕೆಯನ್ನು ಹಳೆ ಅಡಿಕೆಯ ಜೊತೆಗೇ ಇಟ್ಟು ನೋಡಬೇಕು. ಅವರೂ ಹಾಗೇ ಮಾಡಿದರು, 1971ರಿಂದ ಭೂಮಿಯನ್ನು ಸುತ್ತುತ್ತಿರುವ ಇನ್ನೊಂದು ಸೆಂಟಾರ್ ಕೊಳವೆಯನ್ನು ಹುಡುಕಿ ಡಿಸೆಂಬರ್ 1ರಂದು ಅದರ ವರ್ಣಪಟಲ ತೆಗೆದರು. ಎರಡೂ ಹೊಂದಿದವು.

ಯಾರ ವಸ್ತು ಎಂದು ತಿಳಿಯುವುದು ಸುಮ್ನೆ ಕುತೂಹಲಕ್ಕಲ್ಲ. 2022ರ ಮಾರ್ಚ್ 4ರಂದು ಒಂದು ರಾಕೆಟ್ ತುಂಡು ಚಂದ್ರನಿಗೆ ಬಡಿಯಿತು. ಮೊದಲು ಸ್ಪೇಸ್‌ಎಕ್ಸ್ ಹೆಸರು ಹೇಳಿದ್ದರು. ಆಮೇಲೆ ಕಕ್ಷೆಯ ಲೆಕ್ಕವೂ ವರ್ಣಪಟಲವೂ 2014ರಲ್ಲಿ ಚೀನಾ ಹಾರಿಸಿದ ರಾಕೆಟ್ಟಿನ ಕಡೆಗೆ ತಿರುಗಿದವು. ಚೀನಾ ಒಪ್ಪಲಿಲ್ಲ. ಬಣ್ಣದ ದಾಖಲೆ ಇಲ್ಲದಿದ್ದರೆ ಇಂಥಲ್ಲಿ ಬರೀ ಮಾತಿಗೆ ಮಾತು ಆಗುತ್ತಿತ್ತು. ಈ ಕಾರಣಕ್ಕೇ ಈ ವಿಷಯ ನನಗೆ ಮುಖ್ಯ ಅನ್ನಿಸುವುದು.

ಪ್ರಶ್ನೆ: ಕೆಂಪು, ಹಸಿರು ಮಿಣುಕುವ ಉಪಗ್ರಹ ಯಾವುದು? — ಉಪ್ಪಳ

ಉತ್ತರ: ಅದು ವಿಮಾನ. ಮಂಗಳೂರು, ಕಣ್ಣೂರು ಎರಡೂ ಕಡೆ ವಿಮಾನ ನಿಲ್ದಾಣ ಇರುವ ಕಾರಣ ನಮಗೆ ಜಾಸ್ತಿ ಕಾಣ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಉಂಟು. ಮಕ್ಕಳ ಹತ್ತಿರ ಇದನ್ನು ಮಾಡಿಸಬಹುದಾ? — ಶಿಕ್ಷಕರು, ಮಂಜೇಶ್ವರ

ಉತ್ತರ: ಖಂಡಿತ ಮಾಡಿಸಬಹುದು. ಡಿಫ್ರಾಕ್ಷನ್ ಗ್ರೇಟಿಂಗ್ ಹಾಳೆ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಸಣ್ಣ ಸಣ್ಣ ಗೆರೆಗಳ ಪಾರದರ್ಶಕ ಹಾಳೆ) ತಂದು ಲೆನ್ಸಿನ ಮುಂದೆ ಅಂಟಿಸಿ. ಮಿಲಿಮೀಟರಿಗೆ 500 ಗೆರೆಯದ್ದು ಸಾಕು. ಚುಕ್ಕಿಯ ಪಕ್ಕದಲ್ಲಿ ಬಣ್ಣದ ಪಟ್ಟಿ ಬೀಳುತ್ತದೆ. ಮುಖ್ಯ ವಿಷಯ ಒಂದು: ಉಪಗ್ರಹ ಓಡುವ ದಿಕ್ಕಿಗೆ ಪಟ್ಟಿ ಅಡ್ಡವಾಗಿ ಬರುವ ಹಾಗೆ ಹಾಳೆಯನ್ನು ತಿರುಗಿಸಿ. ಓಡುವ ದಿಕ್ಕಿನಲ್ಲೇ ಪಟ್ಟಿ ಬಿದ್ದರೆ ಬಣ್ಣಗಳೆಲ್ಲ ಒಂದರ ಮೇಲೊಂದು ಕಲಸಿಹೋಗ್ತವೆ. ರಾ ಫೈಲಿನಲ್ಲೇ ತೆಗೆಯಿರಿ, ಬಿಳಿ ಸಮತೋಲವನ್ನು ಆಟೋದಲ್ಲಿ ಬಿಡಬೇಡಿ, ಇಲ್ಲದಿದ್ದರೆ ಕ್ಯಾಮೆರಾವೇ ಬಣ್ಣ ಬದಲಿಸಿಬಿಡುತ್ತದೆ.

ಮೊದಲು ನಿಲ್ದಾಣದಿಂದ ಶುರು ಮಾಡಿ, ಅಷ್ಟು ಪ್ರಕಾಶ ಇರುವುದು ಬೇರೆ ಸಿಗುವುದು ಕಷ್ಟ. ಹೋಲಿಸಲು ಬ್ರಹ್ಮಹೃದಯ ನಕ್ಷತ್ರ ತೆಗೆದುಕೊಳ್ಳಿ, ಅದರ ಹಳದಿ ಸೂರ್ಯನದ್ದಕ್ಕೆ ಹತ್ತಿರ. ಆಲ್ಫಾ ಸೆಂಟಾರಿ ನಕ್ಷತ್ರದ ಬಣ್ಣ ಸೂರ್ಯನದ್ದಕ್ಕೆ ಇನ್ನೂ ಹತ್ತಿರ, ಆದರೆ ನಮ್ಮಲ್ಲಿ ಅದು ದಕ್ಷಿಣದಲ್ಲಿ 17 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ದಪ್ಪ ಗಾಳಿಯಲ್ಲಿ ಅದರ ಬಣ್ಣ ಕೆಡುತ್ತದೆ. ಬ್ರಹ್ಮಹೃದಯ ಜನವರಿ, ಫೆಬ್ರವರಿಯ ಸಂಜೆ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ, ಆಗ ನಮ್ಮ ಆಕಾಶವೂ ಶುಭ್ರ. ತೆಗೆದ ಚಿತ್ರಗಳನ್ನು ದಿನಾಂಕ, ಗಂಟೆ ಬರೆದು ಕಳಿಸಿಕೊಡಿ, ಇಲ್ಲೇ ಹಾಕೋಣ.