‘ನಿನ್ನೆ ಏನು ಮಾಡಿದೆ?’ ಎಂಬ ಪ್ರಶ್ನೆ ಮತ್ತು ಮಾತು ನಿಂತುಹೋದ ಒಬ್ಬ ವಿದ್ಯಾರ್ಥಿನಿ

ಮ್ಯಾಂಡರಿನ್ ಕಲಿಯಲೆಂದು ಚೀನಾಕ್ಕೆ ಹೋಗಿ, ಓದಿನ ಜೊತೆಗೆ ಅಲ್ಲಿಯೇ ಇಂಟರ್ನ್‌ಶಿಪ್ಪನ್ನೂ ಮಾಡುತ್ತಿರುವ ಯುವಜನರು ವಿಡಿಯೊ ಕರೆಯ ಮೂಲಕ ಆಪ್ತಸಲಹೆ ಕೇಳಿಕೊಂಡು ನನ್ನ ಬಳಿಗೆ ಬರುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ ಆಗಿರುತ್ತದೆ: ಭಾಷೆ ಹತ್ತುತ್ತಿಲ್ಲ, ಬಾಯಿ ಬಿಡಲು ಆಗುತ್ತಿಲ್ಲ, ಬಹುಶಃ ನಾನು ಇದಕ್ಕೆ ಹುಟ್ಟಿದವನಲ್ಲ. ಈ ಮಾತಿನ ಹಿಂದೆ ಭಾಷೆಗೆ ಸಂಬಂಧವೇ ಇಲ್ಲದ ಇನ್ನೊಂದು ಸಂಗತಿ ಅಡಗಿರುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟ ಯುವತಿಯ ಒಪ್ಪಿಗೆಯನ್ನು ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಇಲ್ಲವೇ ಬಿಟ್ಟಿದ್ದೇನೆ.

ಆಕೆಗೆ 21 ವರ್ಷ. ಪದವಿ ಮುಗಿಸಿ ಶಾಂಘೈನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಚೀನೀ ಭಾಷಾ ಕೋರ್ಸಿಗೆ ಸೇರಿದ್ದಳು. 180 ದಿನಗಳಿಗಿಂತ ಹೆಚ್ಚಿನ ಓದಿಗೆ ಕೊಡುವ ಎಕ್ಸ್1 ವೀಸಾದ ಮೇಲೆ ಹೋಗಿ, ನಿಯಮದಂತೆ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಿ ಅದನ್ನು ಪಡೆದುಕೊಂಡಿದ್ದಳು. ಪ್ರವೇಶ, ವಸತಿ, ಇಂಟರ್ನ್‌ಶಿಪ್ ಮೂರನ್ನೂ ಒಟ್ಟಿಗೆ ಮಾಡಿಸಿಕೊಡುವುದಾಗಿ ಹೇಳಿದ ಏಜೆನ್ಸಿಯೊಂದಕ್ಕೆ ಮನೆಯವರು ದೊಡ್ಡ ಮೊತ್ತವನ್ನೇ ಕಟ್ಟಿದ್ದರು. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ವ್ಯಾಪಾರಿ ಸಂಸ್ಥೆಯ ಕಚೇರಿ. ಮನೆಯ ವಿಚಾರ ಇಷ್ಟು ಸಾಕು: ಪ್ರೀತಿಯ ಮನೆ, ಹಿರಿಯ ಮಗಳು, ಎಲ್ಲರ ಭರವಸೆಯೂ ಅವಳ ಮೇಲೆ.

ತರಗತಿಯಲ್ಲಿ ತನ್ನನ್ನು ಮಾತನಾಡಿಸಿದರೆ ಗಂಟಲು ಕಟ್ಟುತ್ತದೆ ಎಂಬುದು ಆಕೆಯ ದೂರು. ಹಾಗೆಂದು ಓದಿನಲ್ಲಿ ಹಿಂದುಳಿದವಳಲ್ಲ. ಚೀನೀ ಭಾಷಾ ಸಾಮರ್ಥ್ಯವನ್ನು ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯಲ್ಲಿ, ಸುಮಾರು 600 ಪದಗಳ ಜ್ಞಾನವನ್ನು ಬೇಡುತ್ತಿದ್ದ ಮೂರನೇ ಹಂತವನ್ನು ಒಳ್ಳೆಯ ಅಂಕಗಳಿಂದ ದಾಟಿದ್ದಳು. ಆ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು ಇರುತ್ತವೆಯೇ ಹೊರತು ಮಾತನಾಡುವುದು ಇರುವುದಿಲ್ಲ; ಮಾತಿಗೆ ಎಚ್‌ಎಸ್‌ಕೆಕೆ ಎಂಬ ಬೇರೆಯೇ ಪರೀಕ್ಷೆಯಿದೆ. ಹೀಗಾಗಿ ಕಾಗದದ ಮೇಲೆ ಆಕೆ ಮುಂದೆ ಹೋಗುತ್ತಲೇ ಇದ್ದಳು, ಮತ್ತು ಪ್ರಮಾಣಪತ್ರ ನೋಡಿದ ಮನೆಯವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಮೊದಲ ಕೆಲವು ಭೇಟಿಗಳು ಭಾಷೆಯ ಸುತ್ತಲೇ ನಡೆದವು. ಎರಡನೆಯ ಮತ್ತು ಮೂರನೆಯ ಟೋನ್‌ಗಳ (ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳ) ನಡುವೆ ಆಗುವ ಗೊಂದಲ, ತಪ್ಪಾದಾಗ ಸಹಪಾಠಿಗಳು ನಕ್ಕಾರೆಂಬ ಅಂಜಿಕೆ, ಒಂದು ವರ್ಷದಲ್ಲಿ ನಿರರ್ಗಳವಾಗಿ ಮಾತನಾಡಬೇಕೆಂಬ ಹಟ ಇವೆಲ್ಲ ಬಂದುಹೋದವು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯು ಇಂಗ್ಲಿಷ್ ಮಾತನಾಡುವವರು ಮ್ಯಾಂಡರಿನ್ನಿನಲ್ಲಿ ವೃತ್ತಿಮಟ್ಟದ ಹಿಡಿತ ಪಡೆಯಲು ಸುಮಾರು 2200 ತರಗತಿ ಗಂಟೆಗಳು ಬೇಕೆಂದು ಅಂದಾಜಿಸಿದೆ. ವಾರಕ್ಕೆ 20 ಗಂಟೆಯಂತೆ ಎರಡು ಸೆಮಿಸ್ಟರ್ ಕುಳಿತರೂ ಅದರ ಅರ್ಧವೂ ಆಗುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದಾಗ ಆಕೆಗೆ ತುಸು ಸಮಾಧಾನವಾಯಿತು. ಆದರೆ ಒಂದು ವಿವರ ಈ ಯಾವ ಕಾರಣಕ್ಕೂ ಹೊಂದುತ್ತಿರಲಿಲ್ಲ. ಹಾಸ್ಟೆಲಿನ ಬಾಗಿಲಲ್ಲಿ ಕುಳಿತುಕೊಳ್ಳುವ ಮಧ್ಯವಯಸ್ಸಿನ ಮೇಲ್ವಿಚಾರಕಿಯೊಂದಿಗೆ ಆಕೆ ಮಳೆಯ ಬಗ್ಗೆ, ಬಂದ ಪಾರ್ಸೆಲ್‌ಗಳ ಬಗ್ಗೆ, ಆ ಹೆಂಗಸಿನ ಮೊಮ್ಮಗನ ಬಗ್ಗೆ ಮ್ಯಾಂಡರಿನ್ನಿನಲ್ಲಿಯೇ, ತಡವರಿಸದೆ ಮಾತನಾಡುತ್ತಿದ್ದಳು. ಅಲ್ಲಿ ಹೊರಡುವ ಮಾತು ತರಗತಿಯಲ್ಲಿ ಏಕೆ ಹೊರಡುವುದಿಲ್ಲ?

ಮುಂದಿನ ಭೇಟಿಯಲ್ಲಿ ನಾನು ಭಾವನೆಗಳ ಬಗ್ಗೆ ಕೇಳುವುದನ್ನು ಬದಿಗಿಟ್ಟು, ತರಗತಿಯಲ್ಲಿ ಏನೇನು ನಡೆಯುತ್ತದೆಂಬುದನ್ನು ಮೊದಲಿನಿಂದ ಹೇಳುವಂತೆ ಕೇಳಿಕೊಂಡೆ.

“ಶುರುವಾಗುವುದೇ ಒಂದು ಪ್ರಶ್ನೆಯಿಂದ, ಮೇಡಂ. ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನೆ ಏನು ಮಾಡಿದೆ ಅಂತ ಕೇಳುತ್ತಾರೆ.”

“ನೀವು ಏನು ಹೇಳುತ್ತೀರಿ?”

“ರೂಮಿನಲ್ಲಿದ್ದೆ, ಓದಿಕೊಂಡೆ ಅನ್ನುತ್ತೇನೆ.”

“ಪ್ರತಿದಿನವೂ?”

“ಪ್ರತಿದಿನವೂ ಅದೇ.” ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಮುಂದುವರಿಸಿದಳು. “ಅಷ್ಟಕ್ಕೆ ಅವರು ಬಿಡುವುದಿಲ್ಲ. ಏನು ಓದಿದೆ, ಯಾರ ಜೊತೆ, ಎಷ್ಟು ಹೊತ್ತು, ಊಟ ಎಲ್ಲಿ ಮಾಡಿದೆ ಅಂತ ಕೇಳುತ್ತಾ ಹೋಗುತ್ತಾರೆ. ನಮಗೆ ಮಾತು ಬರಲಿ ಅಂತಲೇ ಕೇಳುವುದು, ನನಗೆ ಗೊತ್ತು. ಆದರೆ ಕೆಲಸಕ್ಕೆ ಹೋಗುವುದನ್ನು ಕಾಲೇಜಿನಲ್ಲಿ ಯಾರಿಗೂ ಹೇಳಬಾರದು ಅಂತ ಏಜೆನ್ಸಿಯವರು ಹೇಳಿದ್ದಾರೆ. ಕಚೇರಿಗೆ ಯಾರಾದರೂ ಬಂದು ಕೇಳಿದರೆ ಗೆಳತಿಯನ್ನು ನೋಡಲು ಬಂದಿದ್ದೇನೆ ಅನ್ನಬೇಕಂತೆ. ನಿಜ ಹೇಳುವುದಕ್ಕೇ ನನ್ನ ಹತ್ತಿರ ಪದಗಳು ಸಾಲುವುದಿಲ್ಲ, ಮೇಡಂ. ಸುಳ್ಳಿಗೆ ಎಲ್ಲಿಂದ ತರಲಿ?”

ಆ ದಿನ ಉಳಿದ ಸಮಯವನ್ನೆಲ್ಲ ನಾವು ಈ ಮಾತಿನ ಮೇಲೆಯೇ ಕಳೆದೆವು. ಹೊಸ ಭಾಷೆಯ ಮೊದಲ ವರ್ಷದ ಮಾತೆಲ್ಲವೂ ಕಲಿಯುವವರ ಬದುಕಿನ ಬಗ್ಗೆಯೇ ಇರುತ್ತದೆ. ಎಲ್ಲಿರುತ್ತೀಯ, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀಯ, ಶನಿವಾರ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗಳನ್ನು ಬಿಟ್ಟರೆ ಅಷ್ಟು ಕಡಿಮೆ ಪದಗಳಲ್ಲಿ ಮಾತನಾಡಲು ಬೇರೆ ವಿಷಯವೇ ಇರುವುದಿಲ್ಲ. ದಿನದ ಅರ್ಧ ಭಾಗವನ್ನು ಬಾಯಿ ಬಿಡಬಾರದ ಗುಟ್ಟಾಗಿ ಮಾಡಿಬಿಟ್ಟರೆ, ಆ ಪಾಠಗಳಲ್ಲಿ ಪ್ರತಿಯೊಂದು ಪ್ರಶ್ನೆಯೂ ವಿಚಾರಣೆಯಂತೆ ಕೇಳಿಸತೊಡಗುತ್ತದೆ. ಮೇಲ್ವಿಚಾರಕಿಯ ಮುಂದೆ ಆಕೆಯ ನಾಲಿಗೆ ಸಲೀಸಾಗಿ ಹೊರಳುತ್ತಿದ್ದುದು ಆ ಹೆಂಗಸು ಆಕೆಯ ಮಧ್ಯಾಹ್ನದ ಬಗ್ಗೆ ಏನನ್ನೂ ಕೇಳುತ್ತಿರಲಿಲ್ಲ ಎಂಬ ಕಾರಣಕ್ಕೆ.

ಇದರ ಜೊತೆಗೆ ಇನ್ನೂ ಒಂದು ಸಂಗತಿ ಹೊರಬಂತು. ಕಚೇರಿಯಲ್ಲಿ ಆಕೆ ಮಾಡುತ್ತಿದ್ದುದು ಇಂಗ್ಲಿಷ್ ಇಮೇಲ್‌ಗಳನ್ನೂ ಉತ್ಪನ್ನಗಳ ವಿವರಣೆಗಳನ್ನೂ ತಿದ್ದುವ ಕೆಲಸ. ಅಲ್ಲಿ ಎಲ್ಲರೂ ಆಕೆಯೊಂದಿಗೆ ಇಂಗ್ಲಿಷಿನಲ್ಲಿಯೇ ಮಾತನಾಡುತ್ತಿದ್ದರು, ಏಕೆಂದರೆ ಆಕೆ ಅವರಿಗೆ ಬೇಕಾಗಿದ್ದುದು ಅದಕ್ಕಾಗಿಯೇ. ಚೀನೀ ಭಾಷೆ ಬಲವಾಗಲೆಂದು ಒಪ್ಪಿಕೊಂಡ ಇಂಟರ್ನ್‌ಶಿಪ್ ಚೀನೀ ಮಾತನಾಡಬಹುದಾಗಿದ್ದ ಗಂಟೆಗಳನ್ನೇ ನುಂಗುತ್ತಿತ್ತು. ಬೆಳಗಿನ ತರಗತಿಯಲ್ಲಿ ಉಳಿದಿದ್ದ ಮಾತನ್ನೂ ಅದರ ಗುಟ್ಟು ಕಟ್ಟಿಹಾಕಿತ್ತು.

ಇಂತಹ ಪ್ರಕರಣಗಳು ಬರುತ್ತಿರುವುದರಿಂದ ಅಲ್ಲಿನ ನಿಯಮಗಳನ್ನು ನಾನು ಓದಿಕೊಂಡಿದ್ದೆ, ಮತ್ತು ಅವುಗಳನ್ನು ಆಕೆಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ಓದಿಗಾಗಿ ವಾಸದ ಪರವಾನಗಿ ಪಡೆದವರು ಕ್ಯಾಂಪಸ್ಸಿನ ಹೊರಗೆ ಇಂಟರ್ನ್‌ಶಿಪ್ ಮಾಡಬಾರದೆಂದು ಚೀನಾದ ಕಾನೂನು ಹೇಳುವುದಿಲ್ಲ. ಮೊದಲು ವಿಶ್ವವಿದ್ಯಾಲಯ ಒಪ್ಪಬೇಕು. ಬಳಿಕ ಪೊಲೀಸ್ ಇಲಾಖೆಯ ವಲಸೆ ಕಚೇರಿಗೆ ಅರ್ಜಿ ಹಾಕಿ, ಯಾವ ಸ್ಥಳದಲ್ಲಿ, ಎಷ್ಟು ಅವಧಿಗೆ ಎಂಬುದನ್ನು ಪರವಾನಗಿಯ ಮೇಲೆಯೇ ನಮೂದಿಸಿಕೊಳ್ಳಬೇಕು. ಈ ನಮೂದಿಲ್ಲದೆ ಮಾಡಿದ ಕೆಲಸವನ್ನು 2013ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಅಕ್ರಮವೆಂದು ಎಣಿಸಬಲ್ಲದು: 5,000ದಿಂದ 20,000 ಯುವಾನ್‌ವರೆಗೆ ದಂಡ, ಗಂಭೀರವೆನಿಸಿದರೆ 5ರಿಂದ 15 ದಿನಗಳ ಬಂಧನವೂ ಸೇರುತ್ತದೆ, ದೇಶದಿಂದ ಹೊರಗೆ ಕಳುಹಿಸಿದರೆ 1ರಿಂದ 5 ವರ್ಷ ಮರಳಿ ಪ್ರವೇಶವಿಲ್ಲ. ಅಕ್ರಮವಾಗಿ ಕೆಲಸ ಕೊಡಿಸಿದ ಮಧ್ಯವರ್ತಿಗೂ, ಕೆಲಸಕ್ಕೆ ಇಟ್ಟುಕೊಂಡ ಸಂಸ್ಥೆಗೂ ಪ್ರತ್ಯೇಕ ದಂಡವಿದೆ.

ಕೊನೆಯ ವಾಕ್ಯವನ್ನು ಆಕೆ ಮತ್ತೊಮ್ಮೆ ಹೇಳಿಸಿಕೊಂಡಳು. ಯಾರಿಗೂ ಹೇಳಬೇಡ ಎಂಬ ಎಚ್ಚರಿಕೆಯನ್ನು ಅದುವರೆಗೆ ತನ್ನ ರಕ್ಷಣೆಗಾಗಿ ಕೊಟ್ಟದ್ದೆಂದು ನಂಬಿದ್ದಳು. ಇಂಟರ್ನ್‌ಶಿಪ್ ಬಿಟ್ಟರೆ ವೀಸಾ ರದ್ದಾಗುತ್ತದೆ ಎಂದೂ ಆಕೆಗೆ ಹೇಳಲಾಗಿತ್ತು. ನಿಜದಲ್ಲಿ ಆಕೆಯ ಪರವಾನಗಿ ನಿಂತಿದ್ದುದು ವಿಶ್ವವಿದ್ಯಾಲಯದ ಪ್ರವೇಶದ ಮೇಲೆ. ಹೆಸರೇ ನಮೂದಾಗಿರದ ಕಚೇರಿಯನ್ನು ಬಿಡುವುದರಿಂದ ಅದಕ್ಕೆ ಯಾವ ಧಕ್ಕೆಯೂ ಇರಲಿಲ್ಲ.

ನಾನು ಕೊಟ್ಟ ಸಲಹೆ ನೇರವಾಗಿತ್ತು. ನಾಳೆಯಿಂದಲೇ ಕಚೇರಿಗೆ ಹೋಗುವುದನ್ನು ನಿಲ್ಲಿಸಿ, ಚಿಕ್ಕದೊಂದು ಸಂದೇಶದಲ್ಲಿ ತಿಳಿಸಿ, ಕಾರಣಗಳ ಚರ್ಚೆಗೆ ಇಳಿಯಬೇಡಿ. ಏಜೆನ್ಸಿಯ ಜೊತೆಗಿನ ಸಂದೇಶಗಳನ್ನೂ ಹಣ ಕಟ್ಟಿದ ರಸೀದಿಗಳನ್ನೂ ಅಳಿಸದೆ ಜೋಪಾನವಾಗಿಡಿ. ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಇಂಟರ್ನ್‌ಶಿಪ್ಪಿಗೆ ಅನುಮತಿ ಪಡೆಯುವ ಕ್ರಮವೇನೆಂದು ವಿಚಾರಿಸಿ. ಕಳೆದ ತಿಂಗಳುಗಳ ಬಗ್ಗೆ ಮಾತ್ರ ಅಲ್ಲಿನ ವಕೀಲರೊಬ್ಬರನ್ನು ಕೇಳದೆ ಏನನ್ನೂ ಬರೆದುಕೊಡಬೇಡಿ, ವಕೀಲರು ಸಿಗದಿದ್ದರೆ ಶಾಂಘೈನಲ್ಲಿರುವ ಭಾರತದ ಕಾನ್ಸುಲೇಟಿನಲ್ಲಿ ವಿಚಾರಿಸಿ. ನಾನು ಕಾನೂನು ಸಲಹೆಗಾರಳಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ. ಇವೆಲ್ಲಕ್ಕಿಂತ ಮೊದಲು, ಇಂದು ರಾತ್ರಿಯೇ, ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳಿ ಎಂದೆ.

ಈ ಸಲಹೆಯ ಬಗ್ಗೆ ನನ್ನ ವೃತ್ತಿಬಾಂಧವರಲ್ಲಿ ಇಬ್ಬರು ಆಕ್ಷೇಪ ಎತ್ತಿದರು. ಆಪ್ತಸಲಹೆಗಾರರು ದಾರಿಯನ್ನು ತೋರಿಸಬಾರದು, ವ್ಯಕ್ತಿ ತನ್ನ ನಿರ್ಧಾರವನ್ನು ತಾನೇ ತಲುಪುವವರೆಗೆ ಜೊತೆಗಿರಬೇಕು ಎಂಬ ಅವರ ಮಾತನ್ನು ನಾನು ಇತರ ಸಂದರ್ಭಗಳಲ್ಲಿ ಒಪ್ಪುತ್ತೇನೆ, ಪಾಲಿಸುತ್ತೇನೆ. ಮದುವೆ, ವೃತ್ತಿ, ಮನಸ್ತಾಪಗಳ ವಿಷಯದಲ್ಲಿ ಯಾರಿಗೂ ಹೀಗೆ ಮಾಡಿ ಎಂದು ಹೇಳಿದವಳಲ್ಲ. ಆದರೆ ಇಲ್ಲಿ ಆಕೆ ಪ್ರತಿ ಮಧ್ಯಾಹ್ನ ಕಚೇರಿಯ ಮೆಟ್ಟಿಲು ಹತ್ತಿದಾಗಲೆಲ್ಲ ಅಪಾಯ ಬೆಳೆಯುತ್ತಿತ್ತು, ಮತ್ತು ಅದು ಭಾವನೆಯ ಮಟ್ಟದ ಅಪಾಯವಾಗಿರಲಿಲ್ಲ. ನನಗೆ ಗೊತ್ತಿದ್ದ ನಿಯಮವನ್ನು ಬಚ್ಚಿಟ್ಟುಕೊಂಡು ‘ನಿಮಗೇನನ್ನಿಸುತ್ತದೆ’ ಎಂದು ಕೇಳುತ್ತ ಕೂತಿದ್ದರೆ, ಆಕೆಯಿಂದ ಸತ್ಯವನ್ನು ಮರೆಮಾಚಿದವರ ಸಾಲಿಗೆ ನಾನೂ ಸೇರುತ್ತಿದ್ದೆ. ಪರದೇಶದಲ್ಲಿ ಒಂಟಿಯಾಗಿರುವ 21ರ ಹುಡುಗಿಗೆ ಮಾಹಿತಿ ತಿಳಿದವರು ಅದನ್ನು ಹೇಳಬೇಕು, ಮತ್ತು ಅರ್ಥವಾಗುವಂತೆ ಹೇಳಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ.

ಊರಿಗೆ ಮರಳಿ ಎಂದು ಮಾತ್ರ ನಾನು ಹೇಳಲಿಲ್ಲ. ಹಲವರು ಹಾಗೆಯೇ ಹೇಳುತ್ತಿದ್ದರೇನೋ. ಭಾಷೆಯ ಮೇಲೆ ಆಕೆಗಿದ್ದ ಪ್ರೀತಿ ನಿಜವಾದದ್ದಾಗಿತ್ತು; ಮೊಮ್ಮಗನ ಕಥೆಯನ್ನು ಮ್ಯಾಂಡರಿನ್ನಿನಲ್ಲಿ ಕೇಳಿ ನಗಬಲ್ಲವಳನ್ನು ಆ ಭಾಷೆಯಿಂದ ದೂರ ಕರೆತರುವುದು ಬೇರೆಯವರ ತಪ್ಪಿಗೆ ಆಕೆಯ ಓದನ್ನು ಬಲಿ ಕೊಟ್ಟಂತೆ ಆಗುತ್ತಿತ್ತು.

ತಂದೆಯ ವಿಷಯದಲ್ಲಿ ಒಂದು ಮಾತು ಬರೆಯಲೇಬೇಕು. ದಿನವೂ ರಾತ್ರಿ ಫೋನ್ ಮಾಡಿ, “ಇವತ್ತು ಏನು ಮಾಡಿದೆ ಪುಟ್ಟಿ?” ಎಂದು ಕೇಳುವವರು ಅವರು. ತರಗತಿಯ ಪ್ರಶ್ನೆಯೇ ಮನೆಯಿಂದಲೂ ಬರುತ್ತಿತ್ತು, ಕನ್ನಡದಲ್ಲಿಯೂ ಅದಕ್ಕೆ ಆಕೆ ಅರ್ಧ ಉತ್ತರವನ್ನೇ ಕೊಡುತ್ತಿದ್ದಳು. ಸಾಲದ ಕಂತು ಕಟ್ಟುತ್ತಿರುವ ಅಪ್ಪನಿಗೆ, ತಾನು ಹಣ ಕೊಟ್ಟು ಕೊಂಡದ್ದು ಮಗಳ ಭಯವನ್ನು ಎಂದು ಹೇಗೆ ಹೇಳುವುದು ಎಂಬುದು ಆಕೆಯ ಸಂಕಟ. ನೀವೇ ಹೇಳಿಬಿಡಿ ಮೇಡಂ ಎಂದು ಆಕೆ ಕೇಳಿಕೊಂಡಾಗ ನಾನು ಒಪ್ಪಲಿಲ್ಲ. ನಾನು ಹೇಳಿದ್ದರೆ ಆ ಪ್ರಶ್ನೆಗೆ ಉತ್ತರ ನನ್ನದಾಗುತ್ತಿತ್ತು, ಮರುದಿನ ರಾತ್ರಿ ಫೋನ್ ಬಂದಾಗ ಆಕೆ ಮತ್ತೆ ತಡವರಿಸುತ್ತಿದ್ದಳು. ಹೇಳುವ ಮಾತುಗಳನ್ನು ಇಬ್ಬರೂ ಕೂತು ಸಿದ್ಧಮಾಡಿದೆವು: ಮೊದಲು ನಾನು ಕ್ಷೇಮವಾಗಿದ್ದೇನೆ ಎಂಬುದು, ಬಳಿಕ ನಡೆದದ್ದು, ಆಮೇಲೆ ನಾಳೆ ಏನು ಮಾಡುತ್ತೇನೆ ಎಂಬುದು. ತಂದೆ ಸಿಟ್ಟಾದರು, ಏಜೆನ್ಸಿಯ ಮೇಲೆ. ತಾಯಿ ಆ ರಾತ್ರಿಯೆಲ್ಲ ಫೋನಿನಲ್ಲಿಯೇ ಇದ್ದರಂತೆ. ಮಕ್ಕಳು ವಿದೇಶದಲ್ಲಿರುವ ಪೋಷಕರಿಗೆ ಇಲ್ಲಿ ನನ್ನದೊಂದು ಬೇಡಿಕೆಯಿದೆ. ಹಣ ಕಟ್ಟುವ ಮೊದಲು ಇಂಟರ್ನ್‌ಶಿಪ್ಪಿನ ಸಂಸ್ಥೆಯ ಹೆಸರನ್ನೂ ವಿಳಾಸವನ್ನೂ ಬರವಣಿಗೆಯಲ್ಲಿ ಪಡೆಯಿರಿ, ಅದು ಪರವಾನಗಿಯ ಮೇಲೆ ನಮೂದಾಗುತ್ತದೆಯೇ ಎಂದು ನೇರವಾಗಿ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಆ ಪತ್ರ ಬರೆಯಬೇಡಿ ಎಂದು ಏಜೆನ್ಸಿ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಆಕೆ ಕಚೇರಿಯನ್ನು ಬಿಟ್ಟಳು. ಕಟ್ಟಿದ ಹಣದಲ್ಲಿ ಏನೂ ಮರಳಲಿಲ್ಲ, ಕೊಡಬೇಕಾಗಿದ್ದ ಭತ್ಯೆ ಬರಲಿಲ್ಲ, ಅನುಭವದ ಪ್ರಮಾಣಪತ್ರವೂ ಸಿಗಲಿಲ್ಲ. ಇವು ಸಣ್ಣ ನಷ್ಟಗಳೆಂದು ನಾನು ಆಕೆಗೆ ಹೇಳಲಿಲ್ಲ, ಏಕೆಂದರೆ ಆ ಮನೆಗೆ ಅವು ಸಣ್ಣವಲ್ಲ. ತರಗತಿಯಲ್ಲಿ ಮಾತು ಒಮ್ಮೆಲೇ ಹೊರಡಲಿಲ್ಲ. ಕೆಲಸ ಬಿಟ್ಟ ಮರುದಿನ ಟೀಚರ್ ಎಂದಿನ ಪ್ರಶ್ನೆ ಕೇಳಿದಾಗ, ನಿನ್ನೆ ಮಧ್ಯಾಹ್ನ ಮಲಗಿಬಿಟ್ಟೆ, ಸಂಜೆ ಎದ್ದಾಗ ತುಂಬಾ ಹಸಿವಾಗಿತ್ತು ಎಂದು ಹೇಳಿದಳಂತೆ. ಏನು ತಿಂದೆ ಎಂಬ ಮುಂದಿನ ಪ್ರಶ್ನೆಗೂ ಉತ್ತರ ಇತ್ತು. ಸೆಮಿಸ್ಟರಿನ ಕೊನೆಯ ಹೊತ್ತಿಗೆ ಎಚ್‌ಎಸ್‌ಕೆಕೆ ಪರೀಕ್ಷೆಗೆ ಹೆಸರು ಕೊಟ್ಟಳು.

ಈಗ ಆಕೆ ವಿಶ್ವವಿದ್ಯಾಲಯದ ಒಪ್ಪಿಗೆಯ ಮೂಲಕವೇ, ಚೀನೀ ಮಾತನಾಡಲು ಸಿಗುವಂತಹ ಇಂಟರ್ನ್‌ಶಿಪ್ ಹುಡುಕುತ್ತಿದ್ದಾಳೆ. ಕೋರ್ಸು ಮುಗಿಯುವವರೆಗೆ ಓದಿನ ಮೇಲಷ್ಟೇ ಗಮನವಿರಲಿ, ದಣಿದ ಮನಸ್ಸಿಗೆ ವಿಶ್ರಾಂತಿ ಬೇಕು ಎಂಬುದು ನನ್ನ ಅಭಿಪ್ರಾಯ. ತರಗತಿಯ ಹೊರಗಿನ ಜನರ ನಡುವೆ ಕೆಲಸ ಮಾಡದೆ ಭಾಷೆ ತನ್ನದಾಗುವುದಿಲ್ಲ ಎಂಬುದು ಆಕೆಯದು. ಈ ಸಲ ಕಾನೂನಿನ ಅಪಾಯವಿಲ್ಲದ ಕಾರಣ ನಿರ್ಧಾರವನ್ನು ಆಕೆಗೇ ಬಿಟ್ಟಿದ್ದೇನೆ. ಆಕೆ ಅರ್ಜಿ ಹಾಕಿಯಾಗಿದೆ.